ಪ್ಲಗ್ಗಿನ ಮೂರನೇ ಪಿನ್ನು ಮುರಿಯಬ್ಯಾಡ್ರಿ

ಈ ವಾರ ಬೀಜದ ಮಾತಿಲ್ಲ, ಗೊಬ್ಬರದ ಮಾತಿಲ್ಲ, ಕೀಟದ ಮಾತೂ ಇಲ್ಲ. ಈ ವಾರ ಕರೆಂಟಿನ ಮಾತು. ಅದರಾಗೂ ಗೋಡೆಯ ಬೋರ್ಡಿಗೆ ಚುಚ್ಚುವ ಪ್ಲಗ್ಗಿನ ಮಾತು. ಇಷ್ಟು ಸಣ್ಣ ಸಾಮಾನಿನ ಬಗ್ಗೆ ಏನು ಬರೆಯೋದು ಅಂತ ನಿಮಗೆ ಅನ್ನಿಸಬಹುದು. ನನಗೂ ಹಂಗೇ ಅನ್ನಿಸುತ್ತಿತ್ತು. ಹೋದ ವರ್ಷ ಶ್ರಾವಣದ ಒಂದು ಸಂಜೆ ನನ್ನ ಎಮ್ಮೆ ಕಣ್ಣ ಮುಂದೆ ಸತ್ತು ಬಿದ್ದ ಮೇಲೆ ಹಂಗ ಅನ್ನಿಸೋದು ನಿಂತಿತು.

ನಮ್ಮದು ನರಗುಂದ ತಾಲೂಕಿನ ಶಿರೋಳ. ಎರೆ ಹೊಲ, ಮಲಪ್ರಭಾ ಕಾಲುವೆಯ ಸೀಮೆ. ಮುಂಗಾರಿಗೆ ಹೆಸರು, ಗೊಂಜಾಳ. ಹಿಂಗಾರಿಗೆ ಕಡಲೆ, ಬಿಳಿಜೋಳ. ಮನೆಯಲ್ಲಿ ಎರಡು ಎಮ್ಮೆ, ಒಂದು ಆಕಳು. ಕಣಿಕೆ, ಹಸಿ ಗೊಂಜಾಳದ ದಂಟು ಕತ್ತರಿಸಲಿಕ್ಕೆ ಒಂದು ಎಚ್‌ಪಿ ಮೋಟಾರಿನ ಮೇವು ಕತ್ತರಿಸುವ ಮಷೀನು ತಂದಿದ್ದೆ. ಅದರ ವೈರಿನ ತುದಿಗೆ ಮೂರು ಪಿನ್ನಿನ ಪ್ಲಗ್ ಇತ್ತು. ದನದ ಮನೆಗೆ ಎಳೆದಿದ್ದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇದ್ದದ್ದು ಎರಡೇ ತೂತು. ಪೇಟೆಗೆ ಹೋಗಿ ಬೇರೆ ಬೋರ್ಡ್ ತರಲು ಪುರುಸೊತ್ತಿರಲಿಲ್ಲ. ಇಕ್ಕಳ ತಗೊಂಡು ಮೇಲಿನ ದಪ್ಪ ಪಿನ್ನನ್ನು ಮುರಿದೆ. ಪ್ಲಗ್ ಕೂತಿತು, ಮಷೀನು ಓಡಿತು. "ಕೆಲಸ ಆತಲ್ಲ" ಅಂದುಕೊಂಡೆ.

ಎಂಟು ತಿಂಗಳು ಏನೂ ಆಗಲಿಲ್ಲ. ಆಮೇಲೆ ಮಳೆಗಾಲದಲ್ಲಿ ಮಷೀನಿನ ಮೈ ಮುಟ್ಟಿದಾಗ ಒಂದೊಂದು ಸಲ ಬೆರಳು ಜುಮ್ ಅನ್ನುತ್ತಿತ್ತು. ಕಾಲಲ್ಲಿ ರಬ್ಬರ್ ಚಪ್ಪಲಿ, ಮಷೀನಿನ ಕೆಳಗೆ ಒಣ ಹಲಗೆ. ಹಿಂಗಾಗಿ ಅಷ್ಟರಲ್ಲೇ ಮುಗಿಯುತ್ತಿತ್ತು. ನಾನು ಲಕ್ಷ್ಯ ಕೊಡಲಿಲ್ಲ. ಆ ಸಂಜೆ ಹಸಿ ಮೇವು ಹಾಕುತ್ತಿದ್ದೆ. ಎಮ್ಮೆ ಮೇವಿನ ಆಸೆಗೆ ಕುತ್ತಿಗೆ ಚಾಚಿ ಮಷೀನಿನ ಕಬ್ಬಿಣದ ಬಾಯಿಗೆ ಮೂಗು ಮುಟ್ಟಿಸಿತು. ಹಸಿ ಮೂಗು, ಗಂಜಲದಿಂದ ತೊಯ್ದ ನೆಲ, ಕೊರಳಲ್ಲಿ ಕಬ್ಬಿಣದ ಸರಪಳಿ. ಒಂದು ಸಲ ಬುಸ್ ಅಂತ ಉಸಿರು ಬಿಟ್ಟು ಕಾಲು ಮಡಚಿ ಬಿತ್ತು. ಹಾವು ಕಡಿಯಿತೇನೋ ಅಂತ ನಾನು ಕೆಳಗೆ ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮವ್ವ "ನನ್ನ ಎಮ್ಮಿ" ಅಂತ ಬರಿಗಾಲಲ್ಲಿ ಓಡಿ ಬಂದಳು. ನನ್ನ ಹೆಂಡತಿ ಅವ್ವನ ಸೆರಗು ಹಿಡಿದು ಹಿಂದಕ್ಕೆ ಎಳೆದು, "ಮೊದಲ ಕರೆಂಟ್ ತಗೀರಿ" ಅಂತ ಚೀರಿದಳು. ಅವಳು ಚೀರದಿದ್ದರೆ ಈ ಲೇಖನ ಬೇರೆ ಯಾರೋ ಬರೆಯಬೇಕಾಗುತ್ತಿತ್ತು.

ಮೂರನೇ ದಿನ ಗದಗಿನಲ್ಲಿ ಐಟಿಐ ಮುಗಿಸಿ ವೈರಿಂಗ್ ಕೆಲಸ ಮಾಡುವ ನನ್ನ ಅಕ್ಕನ ಮಗ ಬಂದ. ಪ್ಲಗ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

"ಮಾಮಾ, ಈ ಪಿನ್ ಯಾರು ಮುರಿದ್ರು?"

"ನಾನೇ."

ಅವನು ಏನೂ ಅನ್ನಲಿಲ್ಲ. ಮೇನ್ ಬಂದ್ ಮಾಡಿ ಮನೆಯ ಬೋರ್ಡುಗಳನ್ನು ಒಂದೊಂದಾಗಿ ಬಿಚ್ಚಿದ. ಪಡಸಾಲೆಯ ಬೋರ್ಡಿನಲ್ಲಿ ಮೂರು ತೂತು ಇದ್ದವು, ಮೇಲಿನ ತೂತಿನ ಹಿಂದೆ ವೈರೇ ಇರಲಿಲ್ಲ. ಬಚ್ಚಲ ಮನೆಯದೂ ಅಷ್ಟೇ. ಅಡುಗೆ ಮನೆಯಲ್ಲಿ ಮೇಲಿನ ತೂತಿನಿಂದ ಒಂದು ತುಂಡು ವೈರನ್ನು ಪಕ್ಕದ ನ್ಯೂಟ್ರಲ್ಲಿಗೇ ಕಟ್ಟಿದ್ದರು. "ಮಾಮಾ, ನೀವು ಪಿನ್ ಮುರೀದಿದ್ರೂ ಎಮ್ಮಿ ಉಳೀತಿರಲಿಲ್ಲ ನೋಡ್ರಿ. ಈ ಮನಿಗೆ ಅರ್ತಿಂಗೇ ಇಲ್ಲ" ಅಂದ.

ಎಮ್ಮೆ ಹೋದದ್ದಕ್ಕಿಂತ ಈ ಮಾತು ನನಗೆ ಹೆಚ್ಚು ಚುಚ್ಚಿತು. ಹನ್ನೆರಡು ವರ್ಷ ನಾವು ಮೂರು ತೂತಿನ ಬೋರ್ಡ್ ನೋಡಿ ಧೈರ್ಯವಾಗಿ ಬದುಕಿದ್ದೆವು. ಅದು ಬರೀ ಪ್ಲಾಸ್ಟಿಕ್ಕಿನ ತೂತಾಗಿತ್ತು.

ಕೆಲವಕ್ಕೆ ಎರಡು, ಕೆಲವಕ್ಕೆ ಮೂರು ಯಾಕೆ?

ನಮ್ಮೂರಲ್ಲಿ ಬಹಳ ಮಂದಿ ತಿಳಿದದ್ದು ಹೀಗೆ: ದೊಡ್ಡ ಸಾಮಾನಿಗೆ ಮೂರು ಪಿನ್, ಸಣ್ಣ ಸಾಮಾನಿಗೆ ಎರಡು. ಇನ್ನು ಕೆಲವರು, ಹೆಚ್ಚು ಕರೆಂಟ್ ಎಳೆಯುವುದಕ್ಕೆ ಮೂರು ಅನ್ನುತ್ತಾರೆ. ಎರಡೂ ಪೂರ್ತಿ ಖರೆ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆ ಸಾಮಾನಿನೊಳಗೆ ವೈರು ಕೆಟ್ಟರೆ, ನಿಮ್ಮ ಕೈ ತಾಗುವ ಜಾಗಕ್ಕೆ ಕರೆಂಟ್ ಬರುತ್ತದೋ ಇಲ್ಲವೋ?

ಇಸ್ತ್ರಿ ಪೆಟ್ಟಿಗೆ, ಫ್ರಿಜ್, ಬಟ್ಟೆ ಒಗೆಯುವ ಮಷೀನು, ನೀರಿನ ಮೋಟಾರು, ಮೇವು ಕತ್ತರಿಸುವ ಮಷೀನು, ಮನೆ ಗಿರಣಿ, ನೀರು ಕಾಸುವ ಕಾಯಿಲ್ಲು ಇವುಗಳ ಮೈಯೋ ಮೈಯ ಒಂದು ಭಾಗವೋ ಲೋಹದ್ದು. ಒಳಗಿನ ವೈರಿನ ಮೇಲಿನ ಹೊದಿಕೆ ಒಂದೇ ಪದರ. ಆ ಪದರ ಸವೆದರೆ, ಇಲಿ ಕಡಿದರೆ, ನೀರು ಕುಡಿದರೆ ಫೇಸ್ ಕರೆಂಟ್ ನೇರ ಮೈಗೆ ಬರುತ್ತದೆ. ಮಷೀನು ಮಾತ್ರ ಏನೂ ಆಗದಂತೆ ಓಡುತ್ತಲೇ ಇರುತ್ತದೆ. ಇಂಥ ಸಾಮಾನಿಗೆ ಮೂರನೇ ಪಿನ್ ಬೇಕೇ ಬೇಕು. ಸಾಮಾನಿನ ಲೋಹದ ಮೈಗೆ ಕಟ್ಟಿದ ಹಸಿರು ವೈರು ಆ ಪಿನ್ನಿನ ಮೂಲಕ ಬೋರ್ಡಿಗೆ, ಬೋರ್ಡಿನಿಂದ ಅಂಗಳದ ಅರ್ತ್ ಗುಂಡಿಗೆ ಹೋಗಬೇಕು. ಮೈಗೆ ಬಂದ ಕರೆಂಟ್ ನಿಮ್ಮ ಎದೆಯ ಮೂಲಕ ಹೋಗುವ ಬದಲು ಆ ವೈರಿನಲ್ಲಿ ಭೂಮಿಗೆ ಇಳಿಯಬೇಕು.

ಮೊಬೈಲ್ ಚಾರ್ಜರು, ಟಿವಿ, ಸೆಟ್ ಟಾಪ್ ಬಾಕ್ಸು, ಗಡ್ಡ ಕತ್ತರಿಸುವ ಟ್ರಿಮ್ಮರು, ಪ್ಲಾಸ್ಟಿಕ್ ಮೈಯ ಟೇಬಲ್ ಫ್ಯಾನು, ಈಗಿನ ಕೈ ಡ್ರಿಲ್ ಮಷೀನು ಇವುಗಳನ್ನು ಬೇರೆ ರೀತಿ ಕಟ್ಟಿರುತ್ತಾರೆ. ವೈರಿನ ಹೊದಿಕೆಯ ಮೇಲೆ ಇನ್ನೊಂದು ಹೊದಿಕೆ, ಅಥವಾ ಪೂರಾ ಪ್ಲಾಸ್ಟಿಕ್ ಕವಚ. ಒಂದು ಹೋದರೂ ಇನ್ನೊಂದು ಕಾಯುತ್ತದೆ. ಇದಕ್ಕೆ ಡಬಲ್ ಇನ್ಸುಲೇಷನ್ ಅನ್ನುತ್ತಾರೆ. ಸಾಮಾನಿನ ಹಿಂದಿನ ಚೀಟಿ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ದರೆ ಅದು ಈ ಜಾತಿಯದು. ಅದಕ್ಕೆ ಮೂರನೇ ಪಿನ್ ಹಚ್ಚಿದರೂ ಒಳಗೆ ಕಟ್ಟಲು ಲೋಹದ ಮೈ ಇಲ್ಲ. ಅಂದರೆ ಎರಡು ಪಿನ್ನಿನ ಸಾಮಾನು ಕಡಿಮೆ ದರ್ಜೆಯದು ಅಂತಲ್ಲ. ಅದರ ಕಾವಲು ಒಳಗೇ ಇದೆ, ಮೂರು ಪಿನ್ನಿನದರ ಕಾವಲು ಹೊರಗೆ ನಿಮ್ಮ ಅಂಗಳದಲ್ಲಿದೆ. ಒಂದು ಮಾತು: ಸಂತೆಯಲ್ಲಿ ಸಿಗುವ ಕಂಪನಿ ಹೆಸರಿಲ್ಲದ ಚಾರ್ಜರಿನ ಮೇಲೂ ಆ ಚೌಕದ ಗುರುತು ಅಚ್ಚು ಹಾಕಿರುತ್ತಾರೆ. ಅಚ್ಚು ಹಾಕಲು ಖರ್ಚಿಲ್ಲ. ಖರೀದಿಸುವಾಗ ನೋಡಿ ತಗೊಳ್ಳಿರಿ.

ಮೂರನೆಯ ಜಾತಿಯೂ ಒಂದಿದೆ. ಬೆನ್ನಿಗೆ ಕಟ್ಟುವ 12 ವೋಲ್ಟಿನ ಬ್ಯಾಟರಿ ಪಂಪು, ಸಣ್ಣ ಸೋಲಾರ್ ದೀಪ ಇಂಥವು. ಅವುಗಳಲ್ಲಿ ಹರಿಯುವ ವೋಲ್ಟೇಜೇ ಕಡಿಮೆ. ಆದರೆ ಆ ಪಂಪಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕುವಾಗ ಗೋಡೆಯಿಂದ ಬರುವುದು ಪೂರಾ 230 ವೋಲ್ಟು, ಅದನ್ನು ಮರೆಯಬ್ಯಾಡ್ರಿ. ಹಸಿ ಕೈಯಲ್ಲಿ, ಔಷಧ ಹೊಡೆದು ಬಂದ ಹಸಿ ಬಟ್ಟೆಯಲ್ಲಿ ಚಾರ್ಜರ್ ಹಚ್ಚಬ್ಯಾಡ್ರಿ.

ಆ ಪಿನ್ ದಪ್ಪ ಯಾಕೆ, ಉದ್ದ ಯಾಕೆ?

ನಮ್ಮ ಪ್ಲಗ್ ಬ್ರಿಟಿಷರ ಕಾಲದ ಗುಂಡು ಪಿನ್ನಿನ ಮಾದರಿಯದು. ಅವರು ತಮ್ಮ ದೇಶದಲ್ಲಿ ಅದನ್ನು ಬಿಟ್ಟು ಚೌಕ ಪಿನ್ನಿಗೆ ಹೋದರು, ನಾವು ಇದನ್ನೇ ಇಟ್ಟುಕೊಂಡೆವು. ಇವತ್ತು ನಮ್ಮಲ್ಲಿ 6 ಆಂಪಿಯರಿನ ಸಣ್ಣದು, 16 ಆಂಪಿಯರಿನ ದೊಡ್ಡದು ಎರಡೂ ಇವೆ. ಎರಡರಲ್ಲೂ ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ. ಪ್ಲಗ್ ಚುಚ್ಚುವಾಗ ಮೊದಲು ಭೂಮಿಯ ಸಂಬಂಧ ಆಗಬೇಕು, ಆಮೇಲೆ ಕರೆಂಟು ಬರಬೇಕು. ಕೀಳುವಾಗ ಮೊದಲು ಕರೆಂಟು ಹೋಗಬೇಕು, ಕಡೆಗೆ ಭೂಮಿ ಬಿಡಬೇಕು. ದಪ್ಪ ಇರುವುದು ಅದು ತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು ಅಂತ. ಕವಾಟ ಇರುವ ಕೆಲವು ಸಾಕೆಟ್ಟುಗಳಲ್ಲಿ ಈ ಉದ್ದ ಪಿನ್ನೇ ಒಳಗಿನ ಕವಾಟ ತೆರೆಯುತ್ತದೆ. ಮಕ್ಕಳು ಕಡ್ಡಿ ಚುಚ್ಚಿದರೂ ಕೆಳಗಿನ ತೂತು ತೆರೆಯುವುದಿಲ್ಲ. ಇಷ್ಟು ವಿಚಾರ ಮಾಡಿ ಮಾಡಿದ ಪಿನ್ನನ್ನು ನಾನು ಇಕ್ಕಳದಿಂದ ಎರಡು ನಿಮಿಷದಲ್ಲಿ ಮುರಿದೆ.

ಕೆರೆಗೆ ಕೋಡಿ ಇದ್ದ ಹಾಗೆ ಈ ಮೂರನೇ ವೈರು. ವರ್ಷವಿಡೀ ಕೋಡಿಯಲ್ಲಿ ನೀರು ಹರಿಯುವುದಿಲ್ಲ. ಹರಿಯದ ಕೋಡಿ ಯಾಕೆ ಬೇಕು ಅಂತ ಮುಚ್ಚಿದರೆ ದೊಡ್ಡ ಮಳೆ ಬಂದ ದಿನ ಏರಿಯೇ ಒಡೆಯುತ್ತದೆ. ಫೇಸು, ನ್ಯೂಟ್ರಲ್ಲು ದಿನಾ ದುಡಿಯುತ್ತವೆ. ಅರ್ತು ಕಾಯುತ್ತಾ ಕೂತಿರುತ್ತದೆ.

ಹೆಸರಿಗೆ ಇರುವ ಅರ್ತು ಇಲ್ಲದ್ದಕ್ಕಿಂತ ಕೆಟ್ಟದ್ದು

ನನ್ನ ಮನೆಯಲ್ಲಿ ಕಂಡ ಎರಡು ತಪ್ಪುಗಳು ಬಹಳ ಮನೆಗಳಲ್ಲಿವೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ಅಡುಗೆ ಮನೆಯ ತುಂಡು ವೈರು. ಅರ್ತ್ ಗುಂಡಿ ತೆಗೆಯುವ ತ್ರಾಸು ಬೇಡ ಅಂತ ಬೋರ್ಡಿನೊಳಗೇ ಅರ್ತಿನ ತೂತನ್ನು ನ್ಯೂಟ್ರಲ್ಲಿಗೆ ಕಟ್ಟುತ್ತಾರೆ. ಪರೀಕ್ಷೆ ಮಾಡಿದರೆ ಬಲ್ಬು ಜೋರಾಗಿ ಉರಿಯುತ್ತದೆ, ಮಾಲಕನಿಗೆ ಸಮಾಧಾನ. ಆದರೆ ಗಾಳಿ ಮಳೆಗೆ ಕಂಬದ ಮೇಲಿನ ನ್ಯೂಟ್ರಲ್ ತಂತಿ ಹರಿಯಿತು ಅನ್ನಿರಿ. ನಮ್ಮ ಕಡೆ ಇದೇನು ಅಪರೂಪವೇ? ಆಗ ಹಚ್ಚಿದ ಬಲ್ಬು, ಫ್ಯಾನಿನ ಒಳಗಿಂದ ಹಾದು ಬಂದ ಕರೆಂಟು ಹಿಂದೆ ಹೋಗಲು ದಾರಿ ಇಲ್ಲದೆ ಆ ತುಂಡು ವೈರಿನಿಂದ ಫ್ರಿಜ್ಜಿನ ಮೈಗೆ, ಗಿರಣಿಯ ಮೈಗೆ ಬಂದು ನಿಲ್ಲುತ್ತದೆ. ಸಾಮಾನು ಯಾವುದೂ ಕೆಟ್ಟಿರುವುದಿಲ್ಲ. ಆದರೂ ಮುಟ್ಟಿದವರಿಗೆ ಹೊಡೆಯುತ್ತದೆ. ಕಂಬದ ಹತ್ತಿರ ಫೇಸು, ನ್ಯೂಟ್ರಲ್ಲು ಅದಲು ಬದಲು ಕಟ್ಟಿದರೂ ಇದೇ ಗತಿ.

ಎರಡು, ಬೋರ್ಡಿನಿಂದ ಬೋರ್ಡಿಗೆ ಹಸಿರು ವೈರು ಎಳೆದಿರುತ್ತಾರೆ, ಗುಂಡಿಗೆ ಮುಟ್ಟಿಸಿರುವುದಿಲ್ಲ. ಅಥವಾ ಗುಂಡಿಯ ಹತ್ತಿರ ತಂತಿ ತುಕ್ಕು ಹಿಡಿದು ಕಡಿದುಹೋಗಿರುತ್ತದೆ. ಆಗ ಎಲ್ಲ ಸಾಮಾನಿನ ಮೈಗಳೂ ಒಂದಕ್ಕೊಂದು ಕಟ್ಟಿದಂತೆ ಆಯಿತು, ಆದರೆ ಭೂಮಿಗೆ ಕಟ್ಟಿಲ್ಲ. ಬಚ್ಚಲಿನ ಕಾಯಿಲ್ಲಿನಲ್ಲಿ ಕೆಟ್ಟ ಕರೆಂಟು ಪಡಸಾಲೆಯ ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ಕೆಟ್ಟ ಸಾಮಾನು ಒಂದು, ಕೊಲ್ಲುವ ಸಾಮಾನು ಹತ್ತು.

ಇನ್ನೊಂದು ರೂಢಿ ಹೊಲದಲ್ಲಿದೆ. ನ್ಯೂಟ್ರಲ್ ಇಲ್ಲದ ಕಡೆ ಒಂದು ಫೇಸ್ ತಂತಿ ತಂದು, ಇನ್ನೊಂದು ತುದಿಯನ್ನು ನೆಲಕ್ಕೆ ಹೊಡೆದ ಗೂಟಕ್ಕೆ ಕಟ್ಟಿ ಬಲ್ಬು, ಫ್ಯಾನು ಓಡಿಸುವುದು. ಹಾಗೆ ಮಾಡಿದಾಗ ಆ ಗೂಟದ ಸುತ್ತಲಿನ ನೆಲದಲ್ಲೇ ಕರೆಂಟು ಹರಡುತ್ತದೆ. ಮನುಷ್ಯ ಎರಡು ಕಾಲು ಹತ್ತಿರ ಇಟ್ಟು ನಿಲ್ಲುತ್ತಾನೆ. ದನದ ಮುಂಗಾಲಿಗೂ ಹಿಂಗಾಲಿಗೂ ಮಾರು ದೂರ. ಎರಡು ಕಾಲಿನ ನಡುವಿನ ವೋಲ್ಟೇಜು ಅದಕ್ಕೆ ಹೆಚ್ಚು, ಮತ್ತು ಆ ಕರೆಂಟು ಅದರ ಎದೆಯ ಕೆಳಗೇ ಹಾಯುತ್ತದೆ. ನಾವು ಜುಮ್ ಅಂತ ದಾಟಿ ಹೋಗುವ ಜಾಗದಲ್ಲಿ ಎತ್ತು ಸಾಯುವುದು ಇದಕ್ಕೇ.

ಎರೆ ಮಣ್ಣಿನ ಗುಣ

ಅರ್ತಿಂಗಿಗೆ ನಮ್ಮ ಎರೆ ಮಣ್ಣು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ, ಎರಡೂ. ಹಸಿ ಇರುವಾಗ ಎರೆಯಷ್ಟು ಚಲೋ ಮಣ್ಣಿಲ್ಲ. ನೀರು ಹಿಡಿದಿಡುತ್ತದೆ, ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಗಜೇಂದ್ರಗಡದ ಗುಡ್ಡದ ಕಲ್ಲು ನೆಲದವರಿಗೆ ಈ ಭಾಗ್ಯ ಇಲ್ಲ. ಆದರೆ ಬೇಸಿಗೆಯಲ್ಲಿ ಎರೆ ಬಾಯಿ ಬಿಡುತ್ತದೆ. ಕುಡಗೋಲು ಬಿದ್ದರೆ ಸಿಗದಷ್ಟು ಆಳ ಬಿರುಕು. ಆ ಹೊತ್ತಿಗೆ ಅರ್ತ್ ಪೈಪಿನ ಸುತ್ತಲಿನ ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಪೈಪು ಗಾಳಿಯಲ್ಲಿ ನಿಂತಂತೆ. ಶ್ರಾವಣದಲ್ಲಿ ಚಲೋ ಇದ್ದ ಅರ್ತು ಏಪ್ರಿಲ್‌ನಲ್ಲಿ ಇರುವುದಿಲ್ಲ. ಎರಡು ಅಡಿ ಸಲಾಕೆ ಹೊಡೆದು ಅರ್ತಿಂಗ್ ಅನ್ನುವುದು ನಮ್ಮ ನೆಲದಲ್ಲಿ ಆರು ತಿಂಗಳ ಮಾತು.

ಅದಕ್ಕೇ ಆಳ ಬೇಕು. ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ಅಗಲದ ಜಿಐ ಪೈಪು, ಗೋಡೆಯಿಂದ ಒಂದೂವರೆ ಮೀಟರಾದರೂ ದೂರ. ಸುತ್ತ ಇದ್ದಲು, ಉಪ್ಪು ಪದರ ಪದರವಾಗಿ ತುಂಬುವುದು ಹಳೆಯ ಪದ್ಧತಿ. ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಈಗ ಬೆಂಟೋನೈಟ್ ಪುಡಿ ತುಂಬುತ್ತಾರೆ. ಅದು ನೀರು ಕುಡಿದು ಉಬ್ಬುವ ಜೇಡಿ, ನಮ್ಮ ಎರೆ ಮಣ್ಣಿನ ಅಣ್ಣತಮ್ಮನೇ. ಏನೇ ತುಂಬಿದರೂ ಬೇಸಿಗೆಯಲ್ಲಿ ವಾರಕ್ಕೆ ಒಂದೆರಡು ಕೊಡ ನೀರು ಹಾಕಲೇಬೇಕು. ತುಳಸಿಗೆ ನೀರು ಹಾಕುವ ಕೈ ಆ ಗುಂಡಿಗೂ ಒಂದು ಚರಿಗೆ ಹಾಕಲಿ. ಕಾಳು ಇಡಲು ಆಳಾಳ ಹಗೇವು ತೆಗೆದ ಹಿರಿಯರ ಊರಿದು. ಜೀವ ಉಳಿಸಲು ಎಂಟು ಅಡಿ ತೆಗೆಯಲು ನಮಗೇನು ಭಾರ?

ಲೆಕ್ಕ ಒಂದಿಷ್ಟು

"ಫ್ಯೂಸ್ ಐತಲ್ಲ, ಎಂಸಿಬಿ ಐತಲ್ಲ, ಅದು ಬೀಳತೈತಿ" ಅನ್ನುವವರು ಬಹಳ. ಈ ಲೆಕ್ಕ ನೋಡ್ರಿ. ನಿಮ್ಮ ಅರ್ತ್ ಗುಂಡಿಯ ಅಡ್ಡಿ 50 ಓಮ್ ಇದೆ ಅನ್ನೋಣ. ಒಣಗಿದ ಗುಂಡಿಗೆ ಇದು ದೊಡ್ಡ ಅಂಕಿ ಅಲ್ಲ. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. ನಿಮ್ಮ ಎಂಸಿಬಿ 16 ಆಂಪಿಯರಿನದು. ಅದಕ್ಕೆ ಇದು ಸಣ್ಣ ಲೆಕ್ಕ. ಬೀಳುವುದೇ ಇಲ್ಲ. ಮಷೀನಿನ ಮೈ ಮೇಲೆ 200 ವೋಲ್ಟಿನ ಆಸುಪಾಸು ನಿಂತೇ ಇರುತ್ತದೆ.

ಇನ್ನು ಮನುಷ್ಯನ ಕಡೆಯ ಲೆಕ್ಕ. ಹಸಿ ಮೈಯ ಅಡ್ಡಿ ಸಾವಿರ ಓಮಿನ ಆಸುಪಾಸು. ಆಗ ಹರಿಯುವುದು 200 ಮಿಲಿ ಆಂಪಿಯರಿಗೂ ಹೆಚ್ಚು. ಹತ್ತು ಹದಿನೈದು ಮಿಲಿ ಆಂಪಿಯರಿಗೇ ಕೈಯ ಸ್ನಾಯು ಬಿಗಿದು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿದರೆ ಜೀವಕ್ಕೆ ಸಂಚಕಾರ ಶುರು. 9 ವ್ಯಾಟಿನ ಎಲ್‌ಇಡಿ ಬಲ್ಬು ಉರಿಯಲು ಬೇಕಾಗುವುದು ಹೆಚ್ಚುಕಡಿಮೆ 40 ಮಿಲಿ ಆಂಪಿಯರ್. ಅಂದರೆ ಒಂದು ಸಣ್ಣ ಬಲ್ಬಿನಷ್ಟು ಕರೆಂಟು ಎದೆಯಲ್ಲಿ ಹಾದರೆ ಸಾಕು. ಎಂಸಿಬಿ ಇರುವುದು ವೈರು ಸುಡಬಾರದು ಅಂತ. ನಿಮ್ಮ ಎದೆಗೆ ಅದು ಕಾವಲಲ್ಲ.

ಆ ಕಾವಲಿಗೆ ಬೇರೆ ಸಾಧನ ಇದೆ, ಆರ್‌ಸಿಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬರುತ್ತಿದೆಯೋ ಅಂತ ಅದು ಅಳೆಯುತ್ತಾ ಕೂತಿರುತ್ತದೆ. ಕಾಲುವೆಯ ತೂಬಿನಲ್ಲಿ ಬಿಟ್ಟ ನೀರು ಕಡೆಯ ಹೊಲಕ್ಕೆ ಅಷ್ಟೇ ಮುಟ್ಟಿತೋ ಅಂತ ನೋಡುವ ನೀರಗಂಟಿಯ ಹಾಗೆ. ನಡುವೆ 30 ಮಿಲಿ ಆಂಪಿಯರ್ ಸೋರಿತು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುತ್ತದೆ. ಅರ್ತ್ ಗುಂಡಿಯ ಜೊತೆ ಇದು ಇದ್ದರೆ, ಮಷೀನಿನ ಮೈಗೆ ಕರೆಂಟು ಬಂದ ಕ್ಷಣವೇ ಬೀಳುತ್ತದೆ, ಯಾರೂ ಮುಟ್ಟುವ ತನಕ ಕಾಯುವುದಿಲ್ಲ. ಅರ್ತ್ ಇಲ್ಲದೆ ಇದೊಂದೇ ಇದ್ದರೆ, ಯಾರಾದರೂ ಮುಟ್ಟಿ ಒಂದು ಏಟು ತಿಂದ ಮೇಲೆ ಬೀಳುತ್ತದೆ. ಹಿಂಗಾಗಿ ಎರಡೂ ಬೇಕು.

ಒಂದು ಎಚ್ಚರ. ಫೇಸಿಗೂ ಅರ್ತಿಗೂ ನಡುವೆ ಬಲ್ಬು ಹಚ್ಚಿ "ನೋಡ್ರಿ, ಉರೀತು, ಅರ್ತಿಂಗ್ ಫಸ್ಟ್ ಕ್ಲಾಸ್" ಅನ್ನುವುದನ್ನು ನಂಬಬ್ಯಾಡ್ರಿ. 100 ವ್ಯಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರೂ ಅಲ್ಲ. 50 ಓಮಿನ ಕೆಟ್ಟ ಗುಂಡಿಯಲ್ಲೂ ಅದು ಬರಿಗಣ್ಣಿಗೆ ಚಲೋನೇ ಉರಿಯುತ್ತದೆ. ಬಲ್ಬು ಉರಿದರೆ ಅರ್ತ್ ಇದೆ ಅಂತಷ್ಟೇ ಗೊತ್ತಾಗುತ್ತದೆ, ಅದು ಕೆಲಸಕ್ಕೆ ಬರುತ್ತದೆ ಅಂತಲ್ಲ. ಅರ್ತ್ ಅಳೆಯುವ ಮೀಟರು ತಂದು ಓಮಿನ ಅಂಕಿ ತೋರಿಸು ಅಂತ ವೈರ್‌ಮನ್‌ಗೆ ಕೇಳ್ರಿ.

ಇದು ಹಿಂಗ್ಯಾಕಾತು?

ನನ್ನ ಅಭಿಪ್ರಾಯ ಇಷ್ಟು. ನಮ್ಮ ಹಳ್ಳಿ ಮನೆಗಳಿಗೆ ಕರೆಂಟು ಬಂದದ್ದು ದೀಪಕ್ಕೆ. ಎಂಬತ್ತರ ದಶಕದಲ್ಲಿ ಭಾಗ್ಯಜ್ಯೋತಿ ಅಂತ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಕೊಟ್ಟರು. ಒಂದು ಬಲ್ಬಿಗೆ ಎರಡು ವೈರು ಸಾಕು. ಮಾಳಿಗೆಯ ತೊಲೆಗೆ ತೂಗುಬಿಟ್ಟ ಬಲ್ಬನ್ನು ಯಾರೂ ಮುಟ್ಟುವುದಿಲ್ಲ. ಅದೇ ಎರಡು ವೈರಿನ ಮೇಲೆ ಆಮೇಲೆ ಟಿವಿ ಬಂತು, ಮಿಕ್ಸರ್ ಬಂತು, ಫ್ರಿಜ್ ಬಂತು, ಮೋಟಾರ್ ಬಂತು. ಸಾಮಾನು ಬೆಳೆಯಿತು, ವೈರು ಬೆಳೆಯಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದು ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಚಿಂತೆ ತಪ್ಪಿದ ಮೇಲೆ ಕಾಯಿಲ್ಲು, ಕಟಿಗೆ ಒಲೆಯ ಜಾಗಕ್ಕೆ ಕರೆಂಟ್ ಒಲೆ ಇನ್ನೂ ಹೆಚ್ಚಾದವು. ನಾನು ಆ ಯೋಜನೆಯನ್ನು ಹಳಿಯುತ್ತಿಲ್ಲ, ನನಗೂ ಅದರ ಲಾಭ ಇದೆ. ಆದರೆ ಕರೆಂಟನ್ನು ಮನೆಯೊಳಗೆ ತರುವುದಕ್ಕೆ ಇರುವ ಉತ್ಸಾಹ ಅದನ್ನು ಭೂಮಿಗೆ ಇಳಿಸುವುದಕ್ಕೆ ಯಾರಿಗೂ ಇಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಸೋರಿಕೆ ಕಡಿಯುವ ಸಾಧನ ಇರಬೇಕು ಅಂತ ಇದೆ. ಆದರೆ ಸಣ್ಣ ಹೊರೆಯ ಮನೆಗಳಿಗೆ ವಿನಾಯಿತಿ. ಹಳ್ಳಿಯ ಮನೆ ಕಾಗದದ ಮೇಲೆ ಯಾವಾಗಲೂ ಸಣ್ಣ ಹೊರೆಯದೇ. ಒಣ ನೆಲದ ಮೇಲೆ, ಚಪ್ಪಲಿ ಹಾಕಿಕೊಂಡು ಓಡಾಡುವ ಪೇಟೆಯ ದೊಡ್ಡ ಮನೆಗೆ ಕಾವಲು ಕಡ್ಡಾಯ. ಬರಿಗಾಲಲ್ಲಿ, ಹಸಿ ನೆಲದಲ್ಲಿ, ಮಣ್ಣಿನ ಗೋಡೆಯ ಮನೆಗೆ ಕಡ್ಡಾಯ ಅಲ್ಲ. ಇದು ತಲೆಕೆಳಗಾದ ಲೆಕ್ಕ ಅಂತ ನಾನು ಹೇಳುತ್ತೇನೆ. 2019ರ ಮಲಪ್ರಭಾ ಪ್ರವಾಹದಲ್ಲಿ ನಮ್ಮ ತಾಲೂಕಿನ ಕೊಣ್ಣೂರು, ಲಖಮಾಪುರದ ಮನೆಗಳಿಗೆ ನೀರು ಹೊಕ್ಕಿತ್ತು. ಅಂಥ ಹಸಿ ಗೋಡೆಯಲ್ಲಿ ಕೂತ ಬೋರ್ಡು ಯಾವ ಪೇಟೆಯ ಬಂಗಲೆಗಿಂತ ಕಡಿಮೆ ಅಪಾಯದ್ದು?

ನಮ್ಮ ತಪ್ಪೂ ಇದೆ. ಮನೆ ಕಟ್ಟುವಾಗ ಬಾಗಿಲಿಗೆ ಸಾಗವಾನಿ ಕೇಳುತ್ತೇವೆ, ನೆಲಕ್ಕೆ ಗ್ರಾನೈಟ್ ಕೇಳುತ್ತೇವೆ. ಅರ್ತಿಂಗ್ ಬಂದಾಗ "ಅದೊಂದು ಆಮ್ಯಾಲ ನೋಡೂಣು" ಅನ್ನುತ್ತೇವೆ. ಕಣ್ಣಿಗೆ ಕಾಣದ್ದಕ್ಕೆ ರೊಕ್ಕ ಹಾಕಲು ಮನಸ್ಸು ಬರುವುದಿಲ್ಲ. ನನ್ನ ಮನೆಯ ವೈರಿಂಗ್ ಮಾಡಿದವನನ್ನು ಬೈಯುವ ಮೊದಲು, ಅವನಿಗೆ ಅತಿ ಕಡಿಮೆ ದರಕ್ಕೆ ಗುತ್ತಿಗೆ ಕೊಟ್ಟವನು ನಾನೇ ಅನ್ನುವುದನ್ನು ನೆನಪಿಸಿಕೊಳ್ಳಬೇಕಾಯಿತು.

"ನಮ್ಮಪ್ಪನ ಕಾಲದಿಂದ ಇಲ್ಲ, ನಮಗೇನೂ ಆಗಿಲ್ಲ" ಅಂತ ನೆರೆಮನೆಯ ಹಿರಿಯರು ಹೇಳಿದರು. ಅವರಿಗೆ ನಾನು ಕೊಟ್ಟ ಉತ್ತರ: "ಕಾಕಾ, ನಿಮ್ಮಪ್ಪನ ಕಾಲದಾಗ ಮನ್ಯಾಗ ಕಬ್ಬಿಣದ ಮೈಯ ಸಾಮಾನು ಎಷ್ಟ ಇದ್ದೂರಿ? ಒಂದು ಬಲ್ಬು. ಈಗ ಎಣಸ್ರಿ." ಅವರು ಎಣಿಸಿದರು, ಒಂಬತ್ತು ಬಂದವು. ಮರುವಾರ ಅವರ ಅಂಗಳದಲ್ಲೂ ಗುಂಡಿ ತೆಗೆಯುವ ಸಪ್ಪಳ ಕೇಳಿತು.

ಖರ್ಚಿನ ಮಾತೂ ಬರುತ್ತದೆ. ನನಗೆ ಪೈಪು, ಪುಡಿ, ಕೂಲಿ, ಆರ್‌ಸಿಸಿಬಿ, ಬೋರ್ಡುಗಳಿಗೆ ಹೊಸ ಹಸಿರು ವೈರು ಎಲ್ಲ ಸೇರಿ ಹನ್ನೊಂದು ಸಾವಿರ ಆಯಿತು. ಸತ್ತ ಎಮ್ಮೆಗೆ ನಾನು ಅರವತ್ತೈದು ಸಾವಿರ ಕೊಟ್ಟಿದ್ದೆ. ಮೀಟರಿನ ಆಚೆ ಲೈನಿನ ತಪ್ಪಿನಿಂದ ದನ ಸತ್ತರೆ ಪರಿಹಾರ ಕೇಳಬಹುದು. ಮೀಟರಿನ ಈಚೆ ನನ್ನ ವೈರಿಂಗ್, ನನ್ನ ಹೊಣೆ. ಒಂದು ಪೈಸೆ ಬರಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಮತ್ತೆ ಅವ್ವನ ಜೀವಕ್ಕೆ ಯಾವ ಬೆಲೆ ಹಾಕಲಿ?

ಏನು ಆಗಬೇಕು?

ಹೊಸ ಸಂಪರ್ಕ ಕೊಡುವಾಗ ಅರ್ತಿನ ಓಮ್ ಅಂಕಿಯನ್ನು ಅಳೆದು ಕಾಗದದ ಮೇಲೆ ಬರೆದು ಮನೆಯವರ ಕೈಗೆ ಕೊಡಬೇಕು. ಸಣ್ಣ ಹೊರೆಯ ವಿನಾಯಿತಿ ತೆಗೆಯಬೇಕು, ಬಡವರ ಮನೆಗೆ ಆರ್‌ಸಿಸಿಬಿಯನ್ನು ಮೀಟರಿನ ಜೊತೆಗೇ ಕೊಡಬೇಕು. ಗ್ರಾಮ ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಾರ್ಚ್ ತಿಂಗಳಲ್ಲಿ, ಎರೆ ಒಣಗಿದ ಹೊತ್ತಿಗೆ, ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಘಟಕದ ಅರ್ತ್ ಅಳೆಸಬೇಕು. ಶಿರೋಳದ ರೊಟ್ಟಿ ಜಾತ್ರೆಗೆ ಮನೆ ಮನೆಯಿಂದ ರೊಟ್ಟಿ ಕೂಡಿಸುವ ಊರು ನಮ್ಮದು. ಮನೆ ಮನೆಗೆ ಒಂದು ಗುಂಡಿ ತೆಗೆಸುವುದು ಇಂಥ ಊರಿಗೆ ದೊಡ್ಡ ಮಾತಲ್ಲ.

ಅದೆಲ್ಲ ಆಗುವ ತನಕ ನಿಮ್ಮ ಕೈಯಲ್ಲಿರುವುದು ಇಷ್ಟು:

1. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿಗೆ ಹಚ್ಚಬ್ಯಾಡ್ರಿ. ಪಿನ್ ಮುರಿಯುವುದು, ಮೂರನ್ನು ಎರಡು ಮಾಡುವ ಕನ್ವರ್ಟರ್ ಪಿನ್ ಬಳಸುವುದು, ಬರೀ ವೈರು ತೂತಿಗೆ ಸಿಕ್ಕಿಸಿ ಕಡ್ಡಿ ಚುಚ್ಚುವುದು ಎಲ್ಲ ಒಂದೇ.

2. ಎರಡು ಪಿನ್ನಿನ ಸಾಮಾನಿನ ಮೈ ಲೋಹದ್ದಾಗಿದ್ದರೆ ಚೌಕದೊಳಗೆ ಚೌಕದ ಗುರುತು ಹುಡುಕ್ರಿ. ಇಲ್ಲದಿದ್ದರೆ ಆ ಸಾಮಾನು ಕೊಳ್ಳಬ್ಯಾಡ್ರಿ.

3. ದನದ ಮನೆಯಲ್ಲಿ ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಎದೆ ಎತ್ತರದಲ್ಲಿ, ನೀರು ಸಿಡಿಯದಂತೆ, ಐಎಸ್‌ಐ ಗುರುತಿನ ಮೂರು ಪಿನ್ನಿನ ಸಾಕೆಟ್ ಕೂರಿಸ್ರಿ. ಮೇವಿನ ಮಷೀನು ದನದ ಮೂಗಿಗೆ ಸಿಗದಷ್ಟು ದೂರ ಇರಲಿ.

4. ಬೋರಿನ ಸ್ಟಾರ್ಟರ್ ಪೆಟ್ಟಿಗೆಯ ಮೈಗೂ, ಮೋಟಾರಿನ ಮೈಗೂ ಅರ್ತ್ ತಂತಿ ಬೇರೆ ಕಟ್ಟಿಸ್ರಿ. ತುಕ್ಕು ಹಿಡಿದ ಬೋಲ್ಟು ಬದಲಿಸ್ರಿ.

5. ಆರ್‌ಸಿಸಿಬಿ ಮೇಲೆ ಪರೀಕ್ಷೆಯ ಗುಂಡಿ ಇರುತ್ತದೆ. ಅಮಾವಾಸ್ಯೆಗೊಮ್ಮೆ ಒತ್ತಿರಿ. ಬೀಳದಿದ್ದರೆ ಅದು ಸತ್ತಿದೆ ಅಂತ ತಿಳಿದು ಬದಲಿಸ್ರಿ. ಅದು ಪದೇ ಪದೇ ಬೀಳುತ್ತಿದ್ದರೆ ತೆಗೆದು ಒಗೆಯಬ್ಯಾಡ್ರಿ, ಎಲ್ಲೋ ಸೋರುತ್ತಿದೆ ಅಂತ ಹುಡುಕಿಸ್ರಿ.

6. ಲೋಹದ ಮೈಯ ಯಾವ ಸಾಮಾನು ಜುಮ್ ಅಂದರೂ ಆ ಹೊತ್ತೇ ಪ್ಲಗ್ ಕೀಳ್ರಿ. ನನಗೆ ಅದು ಎಷ್ಟೋ ಸಲ ಹೇಳಿತ್ತು, ನಾನು ಕೇಳಲಿಲ್ಲ.

7. ಯಾರಿಗಾದರೂ ಕರೆಂಟು ಹಿಡಿದರೆ ಮುಟ್ಟಬ್ಯಾಡ್ರಿ. ಮೊದಲು ಮೇನ್ ಬಂದ್ ಮಾಡ್ರಿ, ಆಗದಿದ್ದರೆ ಒಣ ಬಡಿಗೆಯಿಂದ ಬಿಡಿಸ್ರಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ ಒತ್ತುತ್ತಾ 108ಕ್ಕೆ ಫೋನ್ ಹಚ್ಚಿಸ್ರಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸ್ರಿ.

ಈಗ ದನದ ಮನೆಯಲ್ಲಿ ಹೊಸ ಸಾಕೆಟ್ ಇದೆ. ಗುಂಡಿಗೆ ಅವ್ವ ದಿನಾ ನೀರು ಹಾಕುತ್ತಾಳೆ, ನಾನು ಹೇಳದಿದ್ದರೂ. ಮುರಿದ ಪಿನ್ನಿನ ಆ ಪ್ಲಗ್ಗನ್ನು ನಾನು ಒಗೆದಿಲ್ಲ, ಮೀಟರ್ ಬೋರ್ಡಿನ ಪಕ್ಕ ಮೊಳೆಗೆ ತೂಗುಹಾಕಿದ್ದೇನೆ. ಮನೆಗೆ ಬಂದವರು ಇದೇನು ಅಂತ ಕೇಳುತ್ತಾರೆ. ಕೇಳಿದವರಿಗೆಲ್ಲ ಈ ಕಥೆ ಹೇಳುತ್ತೇನೆ. ಇವತ್ತು ನಿಮಗೂ ಹೇಳಿದೆ. ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ನಿಮ್ಮ ದನದ ಮನೆಯ ಪ್ಲಗ್ ಒಂದು ಸಲ ನೋಡಿ ಬರ್ರಿ.